ಶಿಖರ ಅವರಿಗೆ, ಬೀದಿ ನನಗೆ

ಒಂದೇ ದಿನದಲ್ಲಿ ಒಂದು ಊರನ್ನು ಕಣ್ತುಂಬ ನೋಡುವುದೆಂದರೆ ನನಗೆ ಹಬ್ಬ. ವಾರಗಟ್ಟಲೆ ಉಳಿಯುವವರಿಗೆ ನಾಳೆ ನೋಡಿದರಾಯಿತು ಎಂಬ ನೆಮ್ಮದಿ ಇರುತ್ತದೆ. ಒಂದು ದಿನದವರಿಗೆ ಆ ದಿನದ ಬೆಳಕೇ ಬಂಡವಾಳ. ಜೊತೆಗೆ ಇವರಿದ್ದರಂತೂ ನನ್ನ ಖುಷಿ ಇಮ್ಮಡಿ. ಇವರ ಕಣ್ಣು ಸದಾ ದೂರಕ್ಕೆ ಓಡುತ್ತದೆ: ಬೆಟ್ಟದ ನೆತ್ತಿ, ರೈಲಿನ ಹಳಿ, ಸೇತುವೆಯ ಕಮಾನು. ನನ್ನದು ಬಾಗಿಲು, ಮಾಡು, ಕಿಟಕಿಯಡಿಯ ಹೂಕುಂಡಗಳ ಬಳಿಯೇ ನಿಂತುಬಿಡುತ್ತದೆ. ಇವರು ತೋರಿಸದಿದ್ದರೆ ನಾನು ಎಷ್ಟೋ ಶಿಖರಗಳನ್ನು ನೋಡುತ್ತಿರಲಿಲ್ಲ, ನಾನು ಕೈ ಹಿಡಿದು ನಿಲ್ಲಿಸದಿದ್ದರೆ ಇವರು ಎಷ್ಟೋ ಬೀದಿಗಳನ್ನು ದಾಟಿ ಹೋಗುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಝೆರ್ಮಾಟ್ ನಮ್ಮಿಬ್ಬರಿಗೂ ಹೇಳಿ ಮಾಡಿಸಿದ ಊರು.

ಸುಮಾರು 1,600 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಪ್ರವಾಸಿಗರ ಕಾರು ಬರುವಂತಿಲ್ಲ. ಕೆಳಗಿನ ಟೇಶ್ ಹಳ್ಳಿಯಲ್ಲಿ ನಿಲ್ಲಿಸಿ ರೈಲು ಹತ್ತಿ ಬರಬೇಕು. ಊರೊಳಗೆ ಓಡಾಡುವುದು ಪುಟ್ಟ ಎಲೆಕ್ಟ್ರಿಕ್ ಗಾಡಿಗಳು. ಹಾಗಾಗಿ ಸೆಪ್ಟೆಂಬರಿನ ಆ ಮುಂಜಾನೆ ಹೋಟೆಲಿನಿಂದ ಹೊರಬಿದ್ದಾಗ ಕಿವಿಗೆ ಬಿದ್ದದ್ದು ಹೊಳೆಯ ಸದ್ದು ಮಾತ್ರ. ಚರ್ಚಿನ ಬಳಿಯ ಸೇತುವೆಯ ಮೇಲೆ ಆಗಲೇ ಕೆಲವರು ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಊರಿನ್ನೂ ನಸುಗತ್ತಲಲ್ಲಿ ಇರುವಾಗಲೇ 4,478 ಮೀಟರಿನ ಮ್ಯಾಟರ್‌ಹಾರ್ನ್‌ನ ತುದಿಗೆ ಕೆಂಪು ಹತ್ತಿತು. ಆ ಕೆಂಪು ಮೆಲ್ಲಗೆ ಕೆಳಗಿಳಿಯುತ್ತ ಹೊನ್ನಾಯಿತು, ಆಮೇಲೆ ಬರೀ ಬಿಸಿಲಾಯಿತು. "ಆ ತುದಿಯ ಬಂಡೆ ಆಫ್ರಿಕಾ ಕಡೆಯ ಭೂಫಲಕದ್ದು ಕಣೇ" ಅಂದರು ಇವರು. ಎರಡು ಭೂಫಲಕಗಳು ಒತ್ತರಿಸಿಕೊಂಡು ಆಲ್ಪ್ಸ್ ಎದ್ದಿತು, ನಮ್ಮ ಹಿಮಾಲಯ ಎದ್ದದ್ದೂ ಹಾಗೆಯೇ. ಅದನ್ನು ಕೇಳಿದ ಮೇಲೆ ಬೆಟ್ಟ ಮೊದಲಿನಂತೆ ಕಾಣಲಿಲ್ಲ.

ಗೋರ್ನರ್‌ಗ್ರಾಟ್ ಎಂಬ ಬೆಟ್ಟದ ತುದಿಗೆ ಹೋಗುವ ರೈಲು ಇವರ ಪಾಲಿನ ಹಬ್ಬ. 1898ರಲ್ಲಿ ಶುರುವಾದ ಇದು ಸ್ವಿಟ್ಜರ್‌ಲೆಂಡಿನ ಮೊದಲ ವಿದ್ಯುತ್ ಹಲ್ಲುಹಳಿ ರೈಲು. ಎರಡು ಹಳಿಗಳ ನಡುವೆ ಹಲ್ಲುಗಳಿರುವ ಇನ್ನೊಂದು ಪಟ್ಟಿ, ಅದನ್ನು ಕಚ್ಚಿಕೊಂಡು ಮೇಲೇರುವ ಗಾಲಿ. ನಮ್ಮ ಕಡೆಯವರು ಊಟಿಗೆ ಹೋಗುವಾಗ ಮೆಟ್ಟುಪಾಳ್ಯದಿಂದ ಹತ್ತುವ ರೈಲಿನಲ್ಲೂ ಇದೇ ಆಬ್ಟ್ ಎಂಬುವರ ಪದ್ಧತಿ. ಅದು ಕೂನೂರಿಗೆ ಓಡತೊಡಗಿದ್ದು ಇದರ ಮರುವರ್ಷ, 1899ರಲ್ಲಿ. ಅಲ್ಲಿ ಉಗಿ, ಇಲ್ಲಿ ವಿದ್ಯುತ್ತು. ಇಳಿಯುವ ರೈಲು ತಾನು ಉತ್ಪಾದಿಸಿದ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ, ಅದು ಹತ್ತುವ ರೈಲಿಗೆ ಒದಗುತ್ತದೆ. ಇದನ್ನು ಹೇಳುವಾಗ ಇವರ ಮುಖ ನೋಡಬೇಕಿತ್ತು! ಅರ್ಧ ಗಂಟೆ ಕಳೆದು ಸ್ವಲ್ಪ ಹೊತ್ತಿಗೆ 3,089 ಮೀಟರ್ ಎತ್ತರದಲ್ಲಿದ್ದೆವು. ಎದುರಿಗೆ ಸ್ವಿಟ್ಜರ್‌ಲೆಂಡಿನಲ್ಲೇ ಎತ್ತರದ, 4,634 ಮೀಟರಿನ ಡ್ಯೂಫೋರ್ ಶಿಖರ. ಕೆಳಗೆ ಬೂದು ಗೆರೆಗಳನ್ನು ಎಳೆದುಕೊಂಡು ಬಾಗಿ ಹರಿಯುವ ಗೋರ್ನರ್ ಹಿಮನದಿ. ಆ ಗೆರೆಗಳು ಹಿಮ ಹೊತ್ತು ತಂದ ಕಲ್ಲುಮಣ್ಣಿನವು. ನಾಲ್ಕು ಸಾವಿರ ಮೀಟರ್ ದಾಟಿದ 29 ಶಿಖರಗಳು ಇಲ್ಲಿಂದ ಕಾಣುತ್ತವೆ. ಇವರು ಒಂದೊಂದರ ಹೆಸರನ್ನೂ ಫಲಕ ನೋಡಿ ಓದುತ್ತಾ ಹೋದರು, ನಾನು ಬಿಸಿ ಚಾಕೊಲೇಟ್ ಕುಡಿಯುತ್ತಾ ಕೇಳಿಸಿಕೊಂಡೆ.

ಮರಳುವಾಗ ರೋಟನ್‌ಬೋಡನ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ರಿಫೆಲ್‌ಸೀ ಎಂಬ ಚಿಕ್ಕ ಕೆರೆ. ಗಾಳಿ ಬೀಸದಿದ್ದರೆ ಅದರಲ್ಲಿ ಮ್ಯಾಟರ್‌ಹಾರ್ನ್ ತಲೆಕೆಳಗಾಗಿ ಮೂಡುತ್ತದೆ. ನಾವು ಹೋದಾಗ ಗಾಳಿ ಇತ್ತು. ದಡದಲ್ಲಿ ಕೂತೆವು. ಗಾಳಿ ನಿಂತ ಒಂದೆರಡು ಕ್ಷಣ ಶಿಖರ ಇಡಿಯಾಗಿ ನೀರಿಗೆ ಬಂತು, ಮತ್ತೆ ಚೂರಾಯಿತು. ಆ ಕೂತ ಹೊತ್ತಿನಲ್ಲಿ ಕೇಬಲ್ ಕಾರು ಹತ್ತಿ ಇನ್ನೊಂದು ತುದಿಗೆ ಹೋಗಿ ಬರಬಹುದಿತ್ತು. ಒಂದು ದಿನಕ್ಕೆ ಒಂದು ತುದಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಧ್ಯಾಹ್ನದ ಮೇಲೆ ನನ್ನ ಸರದಿ. ಅಂಗಡಿಸಾಲಿನ ದೊಡ್ಡ ಬೀದಿಯ ಬದಿಗೇ ಹಿಂಟರ್‌ಡಾರ್ಫ್ ಎಂಬ ಹಳೇ ಕೇರಿ ಇದೆ. ಬಿಸಿಲಿಗೆ ಸುಟ್ಟು ಕಪ್ಪಾದ ಲಾರ್ಚ್ ಮರದ ದಿಮ್ಮಿಗಳ ಮನೆಗಳು, ಕಣಜಗಳು, ಕೊಟ್ಟಿಗೆಗಳು, ಎಲ್ಲದರ ಮೇಲೂ ಕಲ್ಲುಚಪ್ಪಡಿಯ ಮಾಡು. ಇವುಗಳಲ್ಲಿ ಕೆಲವು ಶತಮಾನಗಳ ಹಿಂದಿನವು. ಕಣಜಗಳು ನೆಲಕ್ಕೆ ತಾಗಿಲ್ಲ. ಮೊದಲು ಗಿಡ್ಡ ಮರದ ಕಾಲು, ಅದರ ನೆತ್ತಿಗೆ ಬೀಸುವ ಕಲ್ಲಿನಂಥ ದುಂಡನೆಯ ಚಪ್ಪಟೆ ಕಲ್ಲು, ಅದರ ಮೇಲೆ ಇಡೀ ಕಣಜ. ಇಲಿ ಕಾಲನ್ನು ಹತ್ತೀತು, ಆದರೆ ಹೊರಚಾಚಿದ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ಓಡಿ ಅಂಚು ದಾಟಲಾರದು. ಮೊಳೆಯಿಲ್ಲ, ವಿಷವಿಲ್ಲ, ಬೋನಿಲ್ಲ. ನಾನು ಬಗ್ಗಿ ಆ ಕಲ್ಲಿನ ಅಂಚಿಗೆ ಬೆರಳಾಡಿಸಿದೆ. ತರಿತರಿಯಾಗಿತ್ತು, ಒಂದು ಕಡೆ ಹಳದಿ ಹಾವಸೆ ಹಿಡಿದಿತ್ತು. ವರ್ಷದ ಹೆಚ್ಚು ಪಾಲು ಚಳಿಯೇ ಇರುವ ಕಣಿವೆಯಲ್ಲಿ ಒಂದು ಬೆಳೆಯ ರೈ ಧಾನ್ಯವನ್ನು ಮುಂದಿನ ಬೆಳೆಯವರೆಗೆ ಉಳಿಸಿಕೊಳ್ಳಬೇಕಾದ ಮನೆಯವರು ಈ ಕಲ್ಲನ್ನು ಎಷ್ಟು ನೆಚ್ಚಿಕೊಂಡಿರಬೇಕು! ಪ್ರವಾಸಿಗರು ಬರುವ ಮೊದಲು ಈ ಊರು ಬದುಕಿದ್ದು ಇಂಥ ಉಪಾಯಗಳಿಂದ. "ರೀ, ಸ್ವಲ್ಪ ಬಗ್ಗಿ ನೋಡಿ" ಅಂದೆ. ಇವರು ಬಗ್ಗಿದರು, ಬೇಗ ಏಳಲಿಲ್ಲ.

ಚರ್ಚಿನ ಹತ್ತಿರದ ಮ್ಯಾಟರ್‌ಹಾರ್ನ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಒಂದು ಹಗ್ಗದ ತುಂಡಿದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಇಪ್ಪತ್ತೈದರ ಇಂಗ್ಲಿಷ್ ಯುವಕನ ತಂಡದ ಏಳು ಮಂದಿ ಮೊದಲ ಬಾರಿಗೆ ಶಿಖರ ಮುಟ್ಟಿದರು. ಇಳಿಯುವಾಗ ಹ್ಯಾಡೋ ಎಂಬ ಹುಡುಗ ಜಾರಿ ಮಾರ್ಗದರ್ಶಿ ಮಿಷೆಲ್ ಕ್ರೋಜ್‌ನ ಮೇಲೆ ಬಿದ್ದ. ಒಂದೇ ಹಗ್ಗದಲ್ಲಿದ್ದ ಹಡ್ಸನ್, ಡಗ್ಲಸ್ ಕೂಡ ಅವರೊಂದಿಗೆ ಪ್ರಪಾತಕ್ಕೆ ಸೆಳೆಯಲ್ಪಟ್ಟರು. ಡಗ್ಲಸ್‌ಗೂ ಹಿಂದಿದ್ದ ಪೀಟರ್ ಟೌಗ್ವಾಲ್ಡರ್‌ಗೂ ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ವಿಂಪರ್ ಮತ್ತು ಟೌಗ್ವಾಲ್ಡರ್ ತಂದೆ-ಮಗ ಉಳಿದರು. ಡಗ್ಲಸ್‌ನ ದೇಹ ಇಂದಿಗೂ ಸಿಕ್ಕಿಲ್ಲ. ಆ ಹಗ್ಗ ಎಷ್ಟು ತೆಳುವೆಂದರೆ, ಇಷ್ಟು ಜನರ ಜೀವ ಅದನ್ನು ನಂಬಿತ್ತೆಂದು ನಂಬಲಾಗುವುದಿಲ್ಲ. ತುಂಡಾದ ಕಡೆ ನಾರು ಬಿಚ್ಚಿಕೊಂಡಿದೆ. ಅಲ್ಲಿಂದ ಹೊರಬಂದು ಕ್ರೋಜ್‌ನ ಸಮಾಧಿಯಿರುವ ಚರ್ಚಿನ ಅಂಗಳಕ್ಕೆ ಹೋದೆವು. ಪರ್ವತದಲ್ಲಿ ಸತ್ತವರ ಗೋರಿಗಳು ಇಲ್ಲಿ ಹಲವು, ಕೆಲವರದು ತೀರ ಎಳೆಯ ವಯಸ್ಸು. ದುರಂತದ ಆರೇ ವರ್ಷಗಳ ಮೇಲೆ, 1871ರಲ್ಲಿ, ಲೂಸಿ ವಾಕರ್ ಎಂಬ ಹೆಣ್ಣುಮಗಳು ಇದೇ ಶಿಖರ ಏರಿದಳು. ಹೆಂಗಸರಲ್ಲಿ ಅವಳೇ ಮೊದಲು. ವಿಂಪರ್‌ನ ಹೆಸರು ತಿಳಿದವರೆಲ್ಲ ಅವಳ ಹೆಸರನ್ನೂ ತಿಳಿದಿರಬೇಕೆಂದು ನನ್ನ ಆಸೆ.

ಕತ್ತಲಾಗುವ ಹೊತ್ತಿಗೆ ರಾಕ್ಲೆಟ್ ತಿಂದೆವು. ಚೀಸಿನ ಅರ್ಧಚಕ್ರವನ್ನು ಶಾಖಕ್ಕೊಡ್ಡಿ, ಕರಗಿದ ಮೇಲ್ಪದರವನ್ನು ಚಾಕುವಿನಿಂದ ತಟ್ಟೆಗೆ ಹೆರೆದು ಹಾಕುತ್ತಾರೆ. ಜೊತೆಗೆ ಸಿಪ್ಪೆಸಹಿತ ಬೇಯಿಸಿದ ಆಲೂಗಡ್ಡೆ, ಹುಳಿಯಲ್ಲಿ ನೆನೆಸಿದ ಮಿಡಿ ಸೌತೆ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಗಟ್ಟಿ. ಇವರು ಮಾತಿಲ್ಲದೆ ಎರಡನೇ ತಟ್ಟೆಯನ್ನೂ ಮುಗಿಸಿ, "ಅಲ್ಲಾ, ಆ ಕಣಜ ಕಟ್ಟುವಾಗ ಕಲ್ಲು ಜಾರದ ಹಾಗೆ ಹೇಗೆ ಕೂರಿಸಿದರು?" ಅಂದರು. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಿಲ್ಲು ಕೊಟ್ಟು, ಮೊಬೈಲಿನ ಟಾರ್ಚ್ ಹಾಕಿಕೊಂಡು ಮತ್ತೆ ಹಿಂಟರ್‌ಡಾರ್ಫ್ ಕಡೆ ನಡೆದೆವು.