ಅರಿವೆಯ ಅರಿವು

ಶಹಾಪುರದ ಸುತ್ತಣ ಎರೆನೆಲದಲ್ಲಿ ಹತ್ತಿ ಒಡೆಯುವ ಕಾಲಕ್ಕೆ ಹೊಲಕ್ಕೆ ಹೊಲವೇ ಬೆಳ್ಳಗಾಗುತ್ತದೆ. ಅಂಥ ಹತ್ತಿ ಬೆಳೆಯುವ ಮನೆಯ ಹುಡುಗನೊಬ್ಬನು ಪದವಿ ಮುಗಿಸಿ, ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಫ್ಯಾಷನ್ ಛಾಯಾಚಿತ್ರಗಾರನಾಗುತ್ತೇನೆಂದರೆ, ತಂದೆಯ ಮೊದಲ ಮಾತು ಏನಿದ್ದೀತೆಂದು ಊಹಿಸುವುದು ಕಷ್ಟವಲ್ಲ: “ಅಲ್ಲೋ ತಮ್ಮಾ, ಇಷ್ಟು ಕಲ್ತು ಮಂದಿ ಅರಿವಿ ಫೋಟೊ ಹೊಡೀಲಿಕ್ಕೆ ಹೊಂಟಿಯೇನು?”

ಈ ಪ್ರಶ್ನೆಯನ್ನು ತಿಳಿಯದವರ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಒಳಗೆ ಎರಡು ಶಂಕೆಗಳಿವೆ. ಈ ಕಸುಬಿಗೆ ಮರ್ಯಾದೆಯುಂಟೇ ಎಂಬುದು ಒಂದು. ಇದರಿಂದ ಹೊಟ್ಟೆ ತುಂಬೀತೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವನ್ನು ದೂರದ ನಗರಗಳಲ್ಲಿ ಹುಡುಕುವ ಮೊದಲು ಈ ನೆಲದಲ್ಲಿಯೇ ಹುಡುಕುವುದು ಲೇಸು.

ಸುರಪುರ ಸೀಮೆಯ ಮುದನೂರು ನೇಯ್ಗೆಯ ಕಾಯಕದವನಾದ ದೇವರ ದಾಸಿಮಯ್ಯನ ಊರೆಂದು ಪ್ರಸಿದ್ಧವಾಗಿದೆ. ಮಗ್ಗದ ಮುಂದೆ ಕುಳಿತವನು ವಚನಕಾರರ ಸಾಲಿನಲ್ಲಿ ಹಿರಿಯನಾಗಿ ನಿಂತ ನಾಡಿನಲ್ಲಿ ಅರಿವೆಯ ಕೆಲಸ ಕೀಳೆಂಬ ಮಾತಿಗೆ ಎಡೆಯಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಕಲೆಯೂ ಇದಕ್ಕೆ ಸಾಕ್ಷಿ. ಗರುಡಾದ್ರಿ ಮನೆತನದ ಚಿತ್ರಕಾರರು ಆ ಕಲೆಗೆ ಹೆಸರಾದವರು. ಉಟ್ಟ ಸೀರೆಯ ಅಂಚು, ತೊಟ್ಟ ಒಡವೆಯ ಹೊಳಪು ಇವನ್ನು ಸುವರ್ಣದ ಲೇಪದಿಂದ ಎತ್ತಿ ತೋರಿಸುವುದು ಆ ಚಿತ್ರಗಳ ಸೊಗಸು. ಅವರು ಕುಂಚದಿಂದ ಮಾಡಿದುದನ್ನೇ ಇಂದಿನ ಫ್ಯಾಷನ್ ಛಾಯಾಚಿತ್ರಗಾರನು ಬೆಳಕಿನಿಂದ ಮಾಡುತ್ತಾನೆ.

ಆದರೆ ತಂದೆಯ ಎರಡನೆಯ ಶಂಕೆಗೂ ಸುರಪುರವೇ ಸಾಕ್ಷಿ ನುಡಿಯುತ್ತದೆ. ೧೮೫೮ರಲ್ಲಿ ರಾಜಾ ವೆಂಕಟಪ್ಪನಾಯಕನು ಆಂಗ್ಲರ ವಿರುದ್ಧದ ಹೋರಾಟದ ತರುವಾಯ ಮಡಿದನು. ೧೮೬೦ರಲ್ಲಿ ಸಂಸ್ಥಾನವು ನಿಜಾಮನ ಕೈಸೇರಿತು. ಅರಮನೆಯ ಆಶ್ರಯ ತಪ್ಪಿದ ಕಲೆ ಸೊರಗುವುದು ಸಹಜವೇ ಸರಿ. ಒಬ್ಬನೇ ದೊರೆಯನ್ನು ನಂಬಿದ ಕಸುಬು ಆ ದೊರೆಯೊಡನೆಯೇ ಅಸ್ತಂಗತವಾಗಬಹುದು.

ಅದೇ ನಿಜಾಮ ರಾಜ್ಯದಲ್ಲಿ ಬೇರೊಂದು ದಾರಿ ಹಿಡಿದವನು ರಾಜಾ ದೀನದಯಾಳ್. ೧೮೪೪ರಲ್ಲಿ ಉತ್ತರದ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೂರಿನಲ್ಲಿ ಸರಕಾರಿ ನೌಕರಿಯಲ್ಲಿದ್ದಾಗ ೧೮೭೪ರ ಸುಮಾರಿಗೆ ಆತನು ಕ್ಯಾಮರಾ ಹಿಡಿದನು. ಹಿಡಿದೊಡನೆ ನೌಕರಿ ಬಿಡಲಿಲ್ಲ. ಕೈ ಪಳಗಿ ಹೆಸರು ಬಂದ ಮೇಲೆಯೇ ಬಿಟ್ಟನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಚಿತ್ರಗಾರನಾದರೂ ಅರಮನೆಯೊಂದನ್ನೇ ನಂಬಿ ಕೂಡಲಿಲ್ಲ. ಸಿಕಂದರಾಬಾದಿನಲ್ಲಿಯೂ, ೧೮೯೬ರಲ್ಲಿ ಮುಂಬಯಿಯಲ್ಲಿಯೂ ಸ್ಟುಡಿಯೋ ತೆರೆದು, ಹಣ ಕೊಟ್ಟು ಚಿತ್ರ ತೆಗೆಸಿಕೊಳ್ಳುವ ಸಾಮಾನ್ಯ ಗಿರಾಕಿಗಳನ್ನೂ ಬರಮಾಡಿಕೊಂಡನು. ೧೮೯೨ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಬೇರೊಂದು ಸ್ಟುಡಿಯೋ ಏರ್ಪಡಿಸಿದನು. ಅಲ್ಲಿ ಚಿತ್ರ ತೆಗೆಯುವವರೂ ಸ್ತ್ರೀಯೇ. ಎದುರಿಗೆ ಕುಳಿತವರ ಮಾನವನ್ನು ಕಾಯ್ದರೆ ಕಸುಬಿನ ಮರ್ಯಾದೆ ತಾನಾಗಿ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಫ್ಯಾಷನ್ ಜಗತ್ತಿನಲ್ಲಿ ಈ ಪಾಠ ಮರೆತಲ್ಲೆಲ್ಲ ತಂದೆಯ ಮೊದಲ ಶಂಕೆ ನಿಜವಾಗುತ್ತದೆ.

ಇನ್ನು ಕಸುಬಿನ ತಿರುಳಿನ ಮಾತು. ಕ್ಯಾಮರಾವನ್ನು ಹಣವಿದ್ದವರೆಲ್ಲರೂ ಕೊಂಡಾರು. ಅರಿವೆಯ ಅರಿವನ್ನು ಕೊಳ್ಳಲಾಗದು. ಬಿಳಿಯ ಹತ್ತಿಬಟ್ಟೆಯನ್ನು ಕ್ಯಾಮರಾದ ಅಳತೆಗೇ ಒಪ್ಪಿಸಿದರೆ ಚಿತ್ರದಲ್ಲಿ ಅದು ಬೂದಿಬಣ್ಣಕ್ಕಿಳಿಯುತ್ತದೆ. ಬೆಳಕನ್ನು ಒಂದಿಷ್ಟು ಹೆಚ್ಚು ಕೊಟ್ಟಾಗಲೇ ಬಿಳುಪು ಬಿಳುಪಾಗಿ ನಿಲ್ಲುತ್ತದೆ. ಒರಟು ನೇಯ್ಗೆಯ ಎಳೆಗಳು ಕಾಣಬೇಕಾದರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ಜರಿಗೆ ಅದೇ ಬೆಳಕು ಕಣ್ಣು ಕುಕ್ಕುತ್ತದೆ. ಅದಕ್ಕೆ ತೆಳುಬಟ್ಟೆಯ ಮರೆಯಿಂದ ಸೋಸಿ ಬಂದ ಹರವಾದ ಬೆಳಕು ಬೇಕು. ಇಳಕಲ್ಲ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ; ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೆಂಪು ಬಿಳುಪಿನ ಆ ಟೋಪ್ ತೆನಿ ಸೆರಗೇ ಸೀರೆಯ ಜೀವ. ಇದನ್ನರಿಯದವನು ಸೆರಗನ್ನು ಬೆನ್ನಹಿಂದೆ ಅಡಗಿಸಿ, ಒಡಲನ್ನಷ್ಟೇ ತೋರಿಸಿ ಸೀರೆಯನ್ನು ಕೆಡಿಸುತ್ತಾನೆ. ಇಳಕಲ್ಲ ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಅವ್ವನನ್ನು ನಿತ್ಯವೂ ಕಂಡ ಹುಡುಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ಹುಟ್ಟಿನಿಂದ ಬಂದ ಈ ಅರಿವೊಂದೇ ಸಾಲದು. ಕ್ರಮವಾಗಿ ಕಲಿಯಬಯಸುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಚಿತ್ರಕಲೆಯ ಶಿಕ್ಷಣವಿದೆ. ಬಳಿಕ ಅನುಭವಿಯೊಬ್ಬರ ಕೈಕೆಳಗೆ ದೀಪ ಹೊರುತ್ತ, ತಂತಿ ಸುತ್ತುತ್ತ ಕೆಲವು ವರ್ಷ ದುಡಿಯಬೇಕು. ಗಳಿಕೆ ಒಂದು ತಿಂಗಳು ಉಂಟು, ಒಂದು ತಿಂಗಳು ಇಲ್ಲ. ಮಳೆ ನಂಬಿದ ರೈತನ ಮನೆಯಲ್ಲಿ ಬೆಳೆದವನಿಗೆ ಇದೇನೂ ಹೊಸತಲ್ಲ. ಕಾಗದಪತ್ರದಲ್ಲಿ ಮಾತ್ರ ಎಚ್ಚರವಿರಬೇಕು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೭ನೆಯ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರನು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಸಿದವನೇ ಹೊರತು ತೆಗೆದವನಲ್ಲ. ಅಂದಿನ ದೊರೆಯ ಸ್ಥಾನದಲ್ಲಿ ಇಂದು ಬಟ್ಟೆಯ ಕಂಪನಿಗಳಿವೆ. ಆಶ್ರಯ ಬೇಡವೆನ್ನಲಾಗದು, ಆದರೆ ಕರಾರನ್ನು ಓದಿ ಸಹಿ ಮಾಡಿದವನು ಆಶ್ರಯದಲ್ಲಿದ್ದೂ ಆಳಾಗುವುದಿಲ್ಲ.

ಹೀಗಿರುವಲ್ಲಿ, ತಂದೆಯ ಪ್ರಶ್ನೆಗೆ ಹುಡುಗನು ಬಾಯಿಂದ ಉತ್ತರ ಕೊಡಬೇಕಾಗಿಲ್ಲ. ಅವನ ಮೊದಲ ಒಳ್ಳೆಯ ಚಿತ್ರ ಮನೆಗೆ ಬಂದ ದಿನ ತಂದೆಯ ಕಣ್ಣು ಹೋಗುವುದು ರೂಪದರ್ಶಿಯ ಮುಖದ ಕಡೆಗಲ್ಲ, ಬಟ್ಟೆಯ ಕಡೆಗೆ. ಹತ್ತಿಯನ್ನು ಬೆರಳಲ್ಲಿ ಎಳೆದು ಅದರ ಗುಣ ಹೇಳಬಲ್ಲ ಕೈ ಅದು. ಆ ಕೈ ಚಿತ್ರವನ್ನು ಬೆಳಕಿಗೆ ಹಿಡಿದು, “ಎಳಿ ಛಲೋ ಕಾಣ್ತದಲ್ಲೋ” ಎಂದರೆ ಸಾಕು. ಆ ಹುಡುಗನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೊಂದಿರಲಾರದು.