ಗಾಳಿ ಬಂದಾಗ ತೂರಿಕೊಳ್ಳುವ ನಾಡು

ಸೊಲ್ಲಾಪುರದಿಂದ ವಿಜಯಪುರದ ಕಡೆಗೆ ಹೊರಟ ರೈಲು ಭೀಮಾನದಿಯನ್ನು ದಾಟಿತೆಂದರೆ ಪ್ರಯಾಣಿಕನ ಕಣ್ಣು ತುಂಬುವುದು ಬಯಲು. ಇಂಡಿ ರೋಡ್ ನಿಲ್ದಾಣದಲ್ಲಿ ಇಳಿದವನಿಗೆ ಇಂಡಿಯ ನಿಂಬೆಯ ತೋಟಗಳು ಎದುರಾಗುತ್ತವೆ, ಮುಂದೆ ಸಿಂದಗಿ, ದಕ್ಷಿಣಕ್ಕೆ ಮುದ್ದೇಬಿಹಾಳ, ಬಸವಣ್ಣನವರು ಜನಿಸಿದ ಬಾಗೇವಾಡಿ. ಎತ್ತ ನೋಡಿದರೂ ಎರೆಭೂಮಿ, ಹಿಂಗಾರಿಯ ಬಿಳಿಜೋಳ. ಅಡ್ಡಲಾಗಿ ನಿಲ್ಲುವ ದೊಡ್ಡ ಬೆಟ್ಟವಿಲ್ಲ, ದಟ್ಟವಾದ ಕಾಡಿಲ್ಲ. ಇಲ್ಲಿ ಗಾಳಿಗೆ ತಡೆಯೇ ಇಲ್ಲ.

ಈ ನಾಡಿನ ಒಕ್ಕಲಿಗನಿಗೆ ಗಾಳಿಯ ಬೆಲೆ ಹೊಸದಾಗಿ ತಿಳಿಯಬೇಕಾದುದಲ್ಲ. ಯಂತ್ರಗಳು ಬರುವ ಮೊದಲು ಹಂತಿ ಹೊಡೆದು, ಕಣದಲ್ಲಿ ಮೊರ ಹಿಡಿದು ಅವನು ಗಾಳಿಗಾಗಿ ಕಾದು ನಿಲ್ಲುತ್ತಿದ್ದ. ಬಂದಾಗ ತೂರಿದರೆ ರಾಶಿ, ತಪ್ಪಿದರೆ ಮತ್ತೆ ಕಾಯುವಿಕೆ. ಇಂದು ಬಾಗೇವಾಡಿಯ ಸೀಮೆಯಲ್ಲಿ ಹೊಲಗಳ ನಡುವೆ ತಲೆಯೆತ್ತಿರುವ ಬಿಳಿಯ ಗಾಳಿಯಂತ್ರಗಳ ಧರ್ಮವೂ ಅದೇ. ಆದರೆ ಅವುಗಳ ರಾಶಿ ಕಣ್ಣಿಗೆ ಕಾಣದು; ಚೀಲಕ್ಕೆ ತುಂಬಿ ಹಗೇವಿನಲ್ಲಿ ಇಳಿಸಲೂ ಬಾರದು. ಹುಟ್ಟಿದ ಕ್ಷಣದಲ್ಲಿಯೇ ಅದನ್ನು ಯಾರಾದರೂ ಕೊಂಡು ಬಳಸಬೇಕು.

ಕರ್ನಾಟಕದ ಪವನವಿದ್ಯುತ್ತಿನ ಬಹುಭಾಗ ದೀರ್ಘಕಾಲದ ಒಪ್ಪಂದಗಳ ಮೂಲಕ, ಗೊತ್ತಾದ ದರಕ್ಕೆ ಮಾರಾಟವಾಗುತ್ತ ಬಂದಿದೆ. ಇದಲ್ಲದೆ ಇನ್ನೊಂದು ದಾರಿಯೂ ಉಂಟು. 2003ರ ವಿದ್ಯುಚ್ಛಕ್ತಿ ಕಾಯಿದೆ ವ್ಯಾಪಾರಕ್ಕೆ ಬಾಗಿಲು ತೆರೆಯಿತು; 2008ರಲ್ಲಿ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಆರಂಭವಾಯಿತು. ಅಲ್ಲಿ ನಾಳಿನ ವಿದ್ಯುತ್ತು ಇಂದೇ ಹರಾಜಾಗುತ್ತದೆ. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳನ್ನಾಗಿ ಮಾಡಿ, ಕೊಳ್ಳುವವರ ಬೇಡಿಕೆಯನ್ನೂ ಮಾರುವವರ ಕೋರಿಕೆಯನ್ನೂ ಜೋಡಿಸಿ, ಎರಡೂ ಸಂಧಿಸಿದಲ್ಲಿ ಒಂದೊಂದು ತುಂಡಿಗೂ ಬೆಲೆ ಕಟ್ಟುತ್ತಾರೆ. 2020ರಲ್ಲಿ ಹಸಿರು ವಿದ್ಯುತ್ತಿಗೆಂದೇ ಪ್ರತ್ಯೇಕ ಪೇಟೆಯೂ ಹುಟ್ಟಿತು.

ಪೇಟೆಯಿದ್ದರೆ ಸಾಲದು, ಸರಕು ಸಾಗುವ ದಾರಿಯೂ ಬೇಕು. ಬಹುಕಾಲ ದಕ್ಷಿಣದ ತಂತಿಜಾಲ ಉಳಿದ ಭಾರತದೊಡನೆ ಒಂದೇ ಲಯದಲ್ಲಿ ಮಿಡಿಯುತ್ತಿರಲಿಲ್ಲ; ದಾರಿ ಇಕ್ಕಟ್ಟಾದಾಗ ದಕ್ಷಿಣದವರು ಹೆಚ್ಚಿನ ಬೆಲೆ ತೆರಬೇಕಾಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ 765 ಕಿಲೋವೋಲ್ಟಿನ ತಂತಿ ಆ ಅಂತರವನ್ನು ಬೆಸೆಯಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಜಾಲ. ಬಯಲುಸೀಮೆಯ ಗಾಳಿಗೆ ಉತ್ತರದ ಪೇಟೆಯೂ ನೆರೆಮನೆಯಾಯಿತು.

ಆದರೆ ಪೇಟೆಗೆ ದಾಕ್ಷಿಣ್ಯವಿಲ್ಲ. ನೈಋತ್ಯ ಮಾರುತ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಸುಗ್ಗಿ. ಮಳೆ ಚೆನ್ನಾಗಿ ಬಿದ್ದರೆ ಅದೇ ದಿನಗಳಲ್ಲಿ ಹೊಲದ ಪಂಪುಗಳು ವಿಶ್ರಮಿಸುತ್ತವೆ, ಅಣೆಕಟ್ಟುಗಳು ತುಂಬುತ್ತವೆ. ಬೇಡಿಕೆ ತಗ್ಗಿ ಬೆಲೆ ಇಳಿಯುತ್ತದೆ. ಮಧ್ಯಾಹ್ನ ಸೌರವಿದ್ಯುತ್ತಿನ ಪೈಪೋಟಿ ಬೇರೆ. ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಬೆಲೆ ಏರುತ್ತದೆ, ಯೂನಿಟ್ಟಿಗೆ 10 ರೂಪಾಯಿಯೆಂದು 2023ರಲ್ಲಿ ವಿಧಿಸಿದ ಮಿತಿಯನ್ನು ಮುಟ್ಟಿದುದೂ ಉಂಟು. ಆ ಸಂಜೆ ಗಾಳಿ ಬೀಸಿದವನು ಭಾಗ್ಯವಂತ. ನಿಂಬೆಯ ಬೆಳೆಗಾರನಿಗೆ ಈ ಲೆಕ್ಕ ಅಪರಿಚಿತವಲ್ಲ: ಬೇಸಗೆಯಲ್ಲಿ ಹಣ್ಣಿದ್ದವನದೇ ಬೆಲೆ.

ಇದಕ್ಕಿಂತ ಕಠಿಣವಾದುದು ಮಾತು ಉಳಿಸಿಕೊಳ್ಳುವುದು. ನಾಳೆ ಇಷ್ಟು ವಿದ್ಯುತ್ತು ಕೊಡುವೆನೆಂದು ಮುಂಚಿತವಾಗಿ ತಿಳಿಸಬೇಕು. ಗಾಳಿ ಕೈಕೊಟ್ಟು ಲೆಕ್ಕ ಮಿತಿಮೀರಿ ತಪ್ಪಿದರೆ ದಂಡ ತೆರಬೇಕು. ಆಕಾಶವನ್ನು ನೋಡಿ ಮಳೆ ಹೇಳುತ್ತಿದ್ದ ಹಿರಿಯರ ಸ್ಥಾನದಲ್ಲಿ ಈಗ ಹವಾಮಾನದ ಗಣಕಗಳು ಕುಳಿತಿವೆ.

ಈ ಸೀಮೆ ದೇಶಕ್ಕೆ ವಿದ್ಯುತ್ತನ್ನು ಧಾರಾಳವಾಗಿಯೇ ಕೊಟ್ಟಿದೆ. ಕೃಷ್ಣೆಯ ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ. ಕೂಡಗಿಯಲ್ಲಿ ಕಲ್ಲಿದ್ದಲಿನಿಂದ ನಡೆಯುವ 2400 ಮೆಗಾವ್ಯಾಟಿನ ಸ್ಥಾವರ. ಒಂದು ಊರುಗಳನ್ನು ಮುಳುಗಿಸಿತು, ಇನ್ನೊಂದು ಬೂದಿಯ ಭಯವನ್ನು ತಂದಿತು. ಗಾಳಿಯಂತ್ರ ಇವೆರಡನ್ನೂ ಮಾಡದು; ಅದರ ಬುಡದವರೆಗೂ ಜೋಳ ಬೆಳೆಯಬಹುದು. ಆದರೆ ಭೂಮಿ ಮಾರಿದ ರೈತನಿಗೆ ದೊರೆಯುವುದು ಒಮ್ಮೆ ಬೆಲೆ, ಗುತ್ತಿಗೆಗೆ ಕೊಟ್ಟವನಿಗೆ ಗೊತ್ತಾದ ಬಾಡಿಗೆ. ಸಂಜೆಯ ಹರಾಜು ಎಷ್ಟೇ ಏರಲಿ, ಆ ಏರಿಕೆ ಅವನ ಹೊಲದ ಬದುವಿನ ತನಕ ಬರುವುದಿಲ್ಲ.

ಕಾಯಕದೊಡನೆ ದಾಸೋಹವನ್ನೂ ಬೋಧಿಸಿದ ಶರಣರ ನೆಲ ಇದು. ದುಡಿದದ್ದು ಹಂಚಿಹೋಗಬೇಕೆಂಬುದು ಇಲ್ಲಿಯ ಹಳೆಯ ನ್ಯಾಯ. ಕಣದ ರಾಶಿಯಲ್ಲಿ ಆಯಗಾರರಿಗೆಲ್ಲ ಪಾಲು ತೆಗೆದಿಟ್ಟ ಮೇಲೆಯೇ ಕಾಳು ಮನೆಗೆ ಹೋಗುತ್ತಿತ್ತು. ಗಾಳಿಯ ಹೊಸ ರಾಶಿಯಲ್ಲಿ ಊರಿಗೆಷ್ಟು ಪಾಲೆಂಬುದನ್ನು ಯಾವ ಹರಾಜೂ ತಾನಾಗಿ ಗೊತ್ತುಮಾಡದು. ಅದನ್ನು ಮನುಷ್ಯರೇ ಕುಳಿತು ಗೊತ್ತುಮಾಡಬೇಕು.