ಅಣಬೆಯೂ ಅಡುಗೆಮನೆಯ ವಿವೇಕವೂ

ಅಣಬೆ ನಮ್ಮ ನಾಡಿಗೆ ಹೊಸ ಪದಾರ್ಥವೇನಲ್ಲ. ಮುಂಗಾರಿನ ಗುಡುಗು ಮಳೆಯ ತರುವಾಯ ಹುತ್ತದ ಮಗ್ಗುಲಲ್ಲಿ ಏಳುವ ಬಿಳಿಯ ಕೊಡೆಗಳನ್ನು ಮಲೆನಾಡಿನವರು ಚೆನ್ನಾಗಿ ಬಲ್ಲರು. ಅದು ಅಂದು ಕಿತ್ತು ಅಂದೇ ಬೇಯಿಸುವ ವಸ್ತುವಾಗಿದ್ದುದರಿಂದ ಕಾಪಿಡುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ 1983ರಲ್ಲಿ ಅಣಬೆಗೆಂದೇ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾಯಿತು. ಇಂದು ಬೆಳೆಸಿದ ಬಟನ್ ಅಣಬೆಯು ಪ್ಲಾಸ್ಟಿಕ್ ಡಬ್ಬಿಯಲ್ಲಿ ವರ್ಷವಿಡೀ ದೊರೆಯುತ್ತದೆ. ಪದಾರ್ಥ ಮನೆಗೆ ಬಂದಿತು. ಅದನ್ನು ಕಾಪಾಡುವ ತಿಳಿವಳಿಕೆ ಮಾತ್ರ ಅಜ್ಜಿಯರಿಂದ ನಮಗೆ ಬಂದುದಲ್ಲ.

ಅಣಬೆಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು. ಬದನೆ, ಸೌತೆಗಳಿಗಿರುವಂತಹ ಗಟ್ಟಿ ಸಿಪ್ಪೆ ಅದಕ್ಕಿಲ್ಲ. ಕಿತ್ತ ಮೇಲೂ ಅದು ಉಸಿರಾಡುತ್ತಲೇ ಇದ್ದು ತೇವವನ್ನು ಹೊರಬಿಡುತ್ತದೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ಕಿನೊಳಗೆ ಆ ತೇವವೇ ಹನಿಗಟ್ಟಿ ಅಣಬೆಯನ್ನು ಕೊಳೆಸುತ್ತದೆ. ಆದ್ದರಿಂದ ತಂದೊಡನೆ ಕಾಗದದ ಚೀಲಕ್ಕೆ ವರ್ಗಾಯಿಸಿ, ಬಾಯಿಯನ್ನು ಸಡಿಲವಾಗಿ ಮಡಿಸಿ ಫ್ರಿಜ್ಜಿನಲ್ಲಿಡಬೇಕು. ತೊಳೆದು ಇಡಬಾರದು, ತೊಳೆಯುವ ಕೆಲಸ ಹೆಚ್ಚುವ ಹೊತ್ತಿಗೆ ಸಾಕು. ಹೀಗಿಟ್ಟರೆ ಒಳ್ಳೆಯ ಬಟನ್ ಅಣಬೆ ನಾಲ್ಕೈದು ದಿನ ಬಾಳುತ್ತದೆ. ಚಿಪ್ಪಣಬೆಯ ಆಯುಸ್ಸು ಇನ್ನೂ ಕಡಿಮೆ. ಆದರೆ ಅದನ್ನು ಚೆನ್ನಾಗಿ ಒಣಗಿಸಿಟ್ಟುಕೊಳ್ಳಬಹುದು.

ನಾನು ಮಠದಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರು ಪ್ರತಿದಿನವೂ ತರಕಾರಿಯನ್ನು ಮುಟ್ಟಿ, ಮೂಸಿ ಬೇರ್ಪಡಿಸುತ್ತಿದ್ದರು. ಒಂದು ಕಾಳು ಚೆಲ್ಲಿದರೂ ಗದರುತ್ತಿದ್ದ ಅವರೇ, ಹಳಸಿದ್ದನ್ನು ಪಂಕ್ತಿಗೆ ಬಡಿಸಲು ಎಂದಿಗೂ ಒಪ್ಪುತ್ತಿರಲಿಲ್ಲ. ಅಣಬೆಯ ವಿಷಯದಲ್ಲಿಯೂ ಅದೇ ಪರೀಕ್ಷೆ ಸಲ್ಲುತ್ತದೆ. ಟೊಪ್ಪಿಗೆ ತುಸು ಕಂದಿದ್ದರೆ, ಒಣಗಿ ಸುಕ್ಕುಗಟ್ಟಿದ್ದರೆ ಹೆದರಬೇಕಾಗಿಲ್ಲ. ಅಂದೇ ಪಲ್ಯಕ್ಕೆ ಬಳಸಬಹುದು. ಮುಟ್ಟಿದಾಗ ಲೋಳೆಯಾಗಿ ಜಾರಿದರೆ, ಮಣ್ಣಿನ ಸಹಜವಾದ ಕಂಪು ಹೋಗಿ ಹುಳಿನಾತವೋ ಘಾಟೋ ಬಂದರೆ, ಒದ್ದೆಯಾದ ಕಪ್ಪು ಕಲೆಗಳಾಗಲಿ ಬೂಷ್ಟಾಗಲಿ ಕಂಡರೆ ಅದನ್ನು ಬಿಸಾಡತಕ್ಕದ್ದು. ಲೋಳೆಯನ್ನು ತೊಳೆದು, ಮಸಾಲೆ ಹೆಚ್ಚು ಹಾಕಿ ಬೇಯಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ನೀಗುವುದಿಲ್ಲ. ಡಬ್ಬಿಯ ಮೇಲಿನ ತಾರೀಖು ಮುಗಿದಿಲ್ಲವೆಂಬ ಸಮಾಧಾನವೂ ಸಲ್ಲದು.

ಇನ್ನೊಂದು ಎಚ್ಚರಿಕೆ ಅಗತ್ಯ. ಈ ಲಕ್ಷಣಗಳು ಅಣಬೆ ಕೆಟ್ಟಿದೆಯೇ ಎಂಬುದನ್ನು ತಿಳಿಸುತ್ತವೆ. ವಿಷದ್ದೇ ಎಂಬುದನ್ನು ತಿಳಿಸುವುದಿಲ್ಲ. ಕಾಡಿನ ವಿಷದ ಅಣಬೆ ನೋಡಲು ತಾಜಾ ಆಗಿಯೇ ಇರಬಹುದು. ಬೆಳ್ಳಿಯ ಚಮಚ ಕಪ್ಪಾಗುವುದೆಂಬ ಪರೀಕ್ಷೆ ನಂಬಲರ್ಹವಲ್ಲ. ಕೆಲವು ಅಣಬೆಗಳ ವಿಷವು ಬೇಯಿಸಿದರೂ ನಾಶವಾಗದು. ಗುರುತರಿಯದ ಅಣಬೆಯನ್ನು ಮನೆಗೆ ತರದಿರುವುದೇ ಕ್ಷೇಮ.

ಅನ್ನವನ್ನು ಪ್ರಸಾದವೆಂದು ಭಾವಿಸುವ ನಮ್ಮ ತಾಯಂದಿರಿಗೆ ಕೈಯಾರೆ ಬಿಸಾಡುವುದು ಸಂಕಟದ ಕೆಲಸ. ಕೆಟ್ಟುದನ್ನು ತಾವೇ ಉಂಡು ಮುಗಿಸುವವರೂ ಉಂಟು. ಆ ತ್ಯಾಗ ಬೇಡ. ಬೇಕಾದಷ್ಟೇ ಕೊಂಡು, ಎರಡು ದಿನದೊಳಗೆ ಅಡುಗೆ ಮಾಡಿದರೆ ಬಿಸಾಡುವ ಪ್ರಸಂಗವೇ ಅಪರೂಪವಾಗುತ್ತದೆ. ಮಿತವ್ಯಯವು ಸಂತೆಯಲ್ಲಿ ಕೊಳ್ಳುವಾಗ ತೋರಬೇಕಾದ ಗುಣ. ಉಣ್ಣುವವರ ಆರೋಗ್ಯದಲ್ಲಿ ಉಳಿತಾಯ ಮಾಡಲಾಗದು.